ಒಂಬತ್ತನೆಯವರು ಮುಂದಿನದಕ್ಕೆ

ಅಲ್ಲಿ ಹನ್ನೆರಡು ಹೊಡೆದರೆ ಇಲ್ಲಿ ತ್ಬಿಲಿಸಿಯಲ್ಲಿ ಮೂರು.
ಆ ಮೂರು ತಾಸು ನಮಗೆ ಸಿಕ್ಕ ಕೊಸರು
ಎಂದ ನುಕ್ರಿ. ಎಂದವನೇ ಸೋಫಾದ ಮೇಲೆ
ಬೂಟು ಸಮೇತ ನಿದ್ದೆಹೋದ.

ಅರ್ಜಿ ತೆರೆದೇ ಇದೆ.
ಹೆಸರು, ಭಾಷೆ, ಅವಧಿ.
ತೊಂಬತ್ತೇಳು ನಿಮಿಷ. ತೊಂಬತ್ತಾದರೆ ಆಯ್ಕೆಯಾಗಬಹುದು
ಅನ್ನುತ್ತಾರೆ ಬಲ್ಲವರು.
ಆ ಏಳು ನಿಮಿಷ ಎಲ್ಲಿವೆಯೆಂದು ನನಗೆ ಗೊತ್ತು:
ಕರೆಂಟು ಹೋಗಿ, ಚಿಯಾತುರಾದ ಕಣಿವೆಯ ನಡುವೆ
ತಂತಿಗೆ ಜೋತ ಹಳೆಯ ಡಬ್ಬಿ ನಿಂತುಬಿಟ್ಟಾಗ
ಲಾಮಾರಾ ಗಂಟು ಬಿಚ್ಚಿ
ಜೋಳದ ರೊಟ್ಟಿಯ ಜೊತೆ ಒಂದು ಟೊಮೆಟೊ ತಿನ್ನುತ್ತಾಳೆ.
ಇನ್ನೇನೂ ಆಗುವುದಿಲ್ಲ.
ಟೊಮೆಟೊ ಮುಗಿಯುತ್ತದೆ.

ಕತ್ತರಿಸು, ಅನ್ನುತ್ತಾನೆ ನುಕ್ರಿ.
ಕ್ಯಾಮೆರಾ ಹೊತ್ತು ಆ ಏಳು ನಿಮಿಷ
ನಡುಗಿದ್ದು ಅವನದೇ ಹೆಗಲು. ಆದರೂ ಅನ್ನುತ್ತಾನೆ.

ಶುಲ್ಕ ಎಪ್ಪತ್ತೈದು ಯೂರೋ.
ಚಳಿಗಾಲದ ಒಂದು ತಿಂಗಳ ಗ್ಯಾಸು.
ಹೋದ ಸಲ ಕಳಿಸಿದ ಚಿತ್ರಕ್ಕೆ ಬಂದ ಉತ್ತರ
ಎಷ್ಟು ಮರ್ಯಾದೆಯದೆಂದರೆ
ಎರಡು ಸಲ ಓದಿದ ಮೇಲೆ ತಿಳಿಯಿತು, ಬೇಡ ಎಂದಿದ್ದಾರೆ.

ಅಡಿಬರಹದಲ್ಲೊಂದು ಸೋಲು ಹಾಗೇ ಉಳಿದಿದೆ.
ಹತ್ತಿದ ಪ್ರತಿಯೊಬ್ಬರಿಗೂ ಲಾಮಾರಾ ಒಂದು ಮಾತು ಹೇಳುತ್ತಾಳೆ:
ನಿನಗೆ ಬರುವುದು ನನಗೆ ಬರಲಿ, ಎಂಬಂಥದ್ದು,
ದೃಷ್ಟಿ ನಿವಾಳಿಸಿ ತನ್ನ ಮೈಮೇಲೇ ಹಾಕಿಕೊಂಡ ಹಾಗೆ.
ಇಂಗ್ಲಿಷಿನಲ್ಲಿ ಅದು ಬರೀ 'ಪ್ರಿಯರೇ' ಆಗಿದೆ.
ಪರದೆಯ ಮೇಲೆ ಅದಕ್ಕಿರುವುದು ಒಂದೂವರೆ ಸೆಕೆಂಡು.

ಇವೆಲ್ಲ ನೆಪ. ಸಿಕ್ಕಿಕೊಂಡಿರುವುದು ಹದಿನಾಲ್ಕನೇ ಪ್ರಶ್ನೆಯಲ್ಲಿ:
ಈ ಚಿತ್ರ ಸಾರ್ವಜನಿಕವಾಗಿ ಪ್ರದರ್ಶನಗೊಂಡಿದೆಯೇ?

ಅವರಿಗೆ ಮುಟ್ಟದ ಚಿತ್ರ ಬೇಕು.
ಲೋಕದಲ್ಲಿ ಮೊದಲ ಕಣ್ಣು ಅವರದೇ ಇರಬೇಕು.
ಗಣಿ ಕಾರ್ಮಿಕರ ಕ್ಲಬ್ಬಿನ ಗೋದೆರ್ದ್ಜಿ
ಇನ್ನೂರು ಕುರ್ಚಿ ಒರೆಸಿ ಕಾಯುತ್ತಿದ್ದ.
ಸ್ವಲ್ಪ ತಡಿ ಅಂದೆ. ಮತ್ತೆ ತಡಿ ಅಂದೆ.
ಅಷ್ಟರಲ್ಲಿ ಲಾಮಾರಾಳ ಎದೆಯ ಫೋಟೋ ಬಂತು.
ವೈದ್ಯರು ಹೇಳಿದ ತಿಂಗಳಿಗೂ ಉತ್ಸವದ ಪಂಚಾಂಗಕ್ಕೂ
ಕೂಡಿಬರುವುದಿಲ್ಲ.

ಹಾಗಾಗಿ ಹೋದ ಭಾನುವಾರ ಅವಳ ಅಡುಗೆಮನೆಯಲ್ಲಿ
ಫ್ರಿಜ್ಜಿನ ಮೇಲಿಂದ ಇಳಿಬಿಟ್ಟ ದುಪ್ಪಟಿಯ ಮೇಲೆ ತೋರಿಸಿದೆ.
ಬಂದವರನ್ನು ಅವಳು ಬಾಗಿಲಲ್ಲಿ ನಿಂತು
ಹೆಗಲು ಮುಟ್ಟಿ ಮುಟ್ಟಿ ಎಣಿಸಿದಳು. ಎಂಟಾಯಿತು. ಚಿಲಕ.
ತಡವಾಗಿ ಬಂದ ಮೇಲಿನ ಮನೆ ಹುಡುಗನಿಗೆ
ಮೂವತ್ತೊಂದು ವರ್ಷ ಹೇಳಿದ್ದನ್ನೇ ಹೇಳಿದಳು:
ಒಂಬತ್ತನೆಯವರು ಮುಂದಿನದಕ್ಕೆ.

ಡಬ್ಬಿ ನಿಂತಿತು. ಅವಳು ತಿನ್ನತೊಡಗಿದಳು.
ಏಳು ನಿಮಿಷ ಕುರ್ಚಿಗಳೂ ಕಿರುಗುಟ್ಟಲಿಲ್ಲ.
ಕೊನೆಗೆ ತ್ಸಿಯಾಲಾ ಅಂದಳು, ಉಪ್ಪು ಹಾಕಿಕೊಳ್ಳಲೇ ಇಲ್ಲವಲ್ಲೇ ನೀನು.
ಅವತ್ತು ಮರೆತುಬಂದಿದ್ದೆ, ಅಂದಳು ಲಾಮಾರಾ,
ಕೆಮ್ಮಿನ ನಡುವೆ, ಪರದೆಯಿಂದ ಕಣ್ಣು ಕೀಳದೆ.
ದೀಪ ಹಾಕಿದಾಗ ಕೇಳಿದಳು:
ಇದನ್ನು ಇನ್ಯಾರು ನೋಡಬೇಕು?
ನಾನು ಆ ಊರಿನ ಹೆಸರು ಹೇಳಿದೆ.
ಓ, ದೂರ, ಅಂದಳು. ಅಷ್ಟೇ.
ಪ್ಲೇಟು ತೊಳೆಯಲು ಎದ್ದಳು.

ಎಂಟು ಜನ ಸಾರ್ವಜನಿಕರೇ?
ಇಲ್ಲ ಎಂದು ಒತ್ತಬಹುದು. ಯಾರಿಗೂ ತಿಳಿಯುವುದಿಲ್ಲ.
ಒತ್ತು, ಒತ್ತು, ಎನ್ನುತ್ತಿತ್ತು ಎಲ್ಲರ ಸಲಹೆ, ನನ್ನ ಸಾಲ,
ನಲವತ್ತಾರು ದಾಟಿದ ನನ್ನ ಹೊಟ್ಟೆಕಿಚ್ಚು.

ಹೌದು ಎಂದು ಒತ್ತಿದೆ.
ಕೂಡಲೇ ಕೆಳಗೆ ಹೊಸ ಸಾಲುಗಳು ತೆರೆದುಕೊಂಡವು.
ಎಲ್ಲಿ? ಅಡುಗೆಮನೆ, ಮೂರನೇ ಮಹಡಿ, ಚಿಯಾತುರಾ.
ಎಷ್ಟು ಆಸನ? ಎಂಟು.
ಟಿಕೆಟ್ ಇತ್ತೇ? ಇಲ್ಲ.
ಬಾಗಿಲ ಹೊರಗೆ, ಮೆಟ್ಟಿಲ ಮೇಲೆ
ಕೊನೆತನಕ ಬರೀ ಶಬ್ದ ಕೇಳುತ್ತ ಕೂತಿದ್ದ ಹುಡುಗನನ್ನು
ಎಲ್ಲಿ ಸೇರಿಸಬೇಕೋ ತಿಳಿಯಲಿಲ್ಲ.

ಅವಧಿ: ತೊಂಬತ್ತೇಳು. ಹಾಗೇ ಇರಲಿ.

ಎರಡು ನಲವತ್ತು. ಕಳಿಸಿದೆಯಾ, ಎಂದ ನುಕ್ರಿ ಕಣ್ಣು ಬಿಡದೆ.
ಬ್ಯಾಂಕಿನವರು ಫೋನಿಗೆ ಗುಟ್ಟಿನ ಅಂಕಿ ಕಳಿಸಿದ್ದಾರಂತೆ.
ಫೋನು ಎಲ್ಲೋ ಅವನ ಕೋಟಿನ ಕೆಳಗೆ
ಒಂದೇ ಸಲ ಗುಂಯ್‌ಗುಟ್ಟಿ ಸುಮ್ಮನಾಯಿತು.
ಹುಡುಕುತ್ತಿದ್ದೇನೆ.