ಕಾಯುವ ಪೆಟ್ಟಿಗೆ

ಲಿಯೆಪಾಯಾ ಬಂದರಿನ ಮೀನು ಕಾರ್ಖಾನೆಯಲ್ಲಿ
ಹೊಗೆಗೂಡಿಗೂ ಕಚೇರಿಗೂ ನಡುವೆ ಒಂದು ಕೋಣೆ.
ಹನ್ನೊಂದು ಸರ್ವರ್.
ಗಾಳಿ ಹುಟ್ಟುವುದೇ ಇಲ್ಲಿ ಎನ್ನುವ ಊರಿನಲ್ಲಿ
ಜನವರಿಯ ರಾತ್ರಿ ಬೆಚ್ಚಗಿರುತ್ತಿದ್ದದ್ದು ಅದೊಂದೇ.

ಕಾವಲುಗಾರ ಎವಾಲ್ಡ್ಸ್
ಎರಡನೆಯ ಸುತ್ತು ಮುಗಿಸಿ ಅಲ್ಲಿಗೆ ಬರುತ್ತಿದ್ದ.
ಕೈಗವಸು ಐದನೆಯದರ ನೆತ್ತಿಯ ಮೇಲೆ,
ಕಾಲುಚೀಲ ಎಂಟನೆಯದರ ಬೆನ್ನಿಗೆ, ಬಿಸಿಗಾಳಿ ಉಗುಳುವಲ್ಲಿ.
ಬೆಳಿಗ್ಗೆ ನನ್ನ ಯಂತ್ರಗಳಿಗೆಲ್ಲ ಒದ್ದೆ ಉಣ್ಣೆಯ ವಾಸನೆ.
ಬಯ್ಯಬೇಕಿತ್ತು. ಬಯ್ಯಲಿಲ್ಲ.

ಬಿಲ್ಲು ಬಂದದ್ದು ನವೆಂಬರಿನಲ್ಲಿ.
ಪರವಾನಗಿ ನವೀಕರಣ: ಸರ್ವರಿಗೊಂದು, ತಲೆಗೊಂದು,
ತಲೆ ಎಣಿಸುವ ತಂತ್ರಾಂಶಕ್ಕೆ ಇನ್ನೊಂದು.
ಲೆಕ್ಕದ ಝಿಂತ್ರಾ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.
ಒಂದು ಸೊನ್ನೆಯೂ ಅಳಿಸಿಹೋಗಲಿಲ್ಲ.
"ನಮ್ಮ ಮನೆ, ನಮ್ಮ ಹೊಸ್ತಿಲು,
ಒಳಗೆ ಕಾಲಿಡಲು ವರ್ಷಾವರ್ಷಾ ಕಂದಾಯವೇ?"

ಹನ್ನೊಂದೂ ದುಡಿಯುವುದು ನೂರಕ್ಕೆ ಏಳು ಪಾಲು, ಎಂದೆ.
ಉಳಿದದ್ದು ಆಕಳಿಕೆ.
ಕರೆಂಟು ಕುಡಿಯುವುದು ಮಾತ್ರ ಹೊಟ್ಟೆ ಬಿರಿಯೆ.
ಒಂದು ಗಟ್ಟಿ ಯಂತ್ರ ಸಾಕು,
ಅದರ ಒಡಲಲ್ಲಿ ಹನ್ನೊಂದು ಜೀವ ಇಡೋಣ.
ಲಿನಕ್ಸ್ ಹಾಕಿದರೆ ಬಾಡಿಗೆಯೂ ಇಲ್ಲ;
ಯಾರು ಯಾರೋ ಎಲ್ಲೆಲ್ಲೋ ಕೂತು ಬರೆದದ್ದು,
ಅಡುಗೆ ಬಡಿಸಿ, ಮಾಡುವ ಬಗೆಯನ್ನೂ
ಬಾಗಿಲಿಗೆ ಅಂಟಿಸಿ ಹೋದವರು.

"ಪುಕ್ಕಟೆ ಕೊಟ್ಟ ಮೀನು ನಾರುತ್ತದೆ" ಅಂದಳು.
ಪುಕ್ಕಟೆಯೆಂದು ಯಾರು ಹೇಳಿದರು?
ಹೋಗುವುದು ನನ್ನ ನಿದ್ದೆ.

ಮಾಲೀಕರಿಗೆ ಬಣ್ಣದ ಚಿತ್ರ ತೋರಿಸಿದೆ, ತಲೆಯಾಡಿಸಿದರು,
ತಿಳಿಯಲಿಲ್ಲ.
ಅಂಗೈ ಅಗಲದ ತಗಡಿನಲ್ಲಿ ಮೂವತ್ತು ಮೀನು
ಬೆನ್ನಿಗೆ ಹೊಟ್ಟೆ ತಾಗಿಸಿ ಮಲಗಿಸುವ ವೆಲ್ಟಾ ನಕ್ಕುಬಿಟ್ಟಳು:
"ಇಷ್ಟೇನಾ? ಇದಕ್ಕೆ ಓದಬೇಕಿತ್ತಾ ನೀನು?"

ಕ್ರಿಸ್‌ಮಸ್ ರಜೆಯಲ್ಲಿ ಪರಕಾಯ ಪ್ರವೇಶ.
ಮೊದಲ ರಾತ್ರಿ ಸಂಬಳದ ಲೆಕ್ಕ ದಾಟಿತು,
ತೊಟ್ಟಿಲು ಬದಲಾದದ್ದು ತಿಳಿಯದ ಕೂಸಿನ ಹಾಗೆ.
ಎರಡನೆಯ ರಾತ್ರಿ ಗೋದಾಮು, ಹಾಜರಿ, ಅಂಚೆ.
ಎಂಟನೆಯದು, ತಕ್ಕಡಿಗಳ ಲೆಕ್ಕದ್ದು, ಹಟ ಹಿಡಿಯಿತು.
ಅದನ್ನು ಬರೆದವನು ಐರ್ಲೆಂಡಿಗೆ ಅಣಬೆ ಕೀಳಲು ಹೋಗಿ
ಹದಿನೈದು ವರ್ಷ. ಕೋಡಿನ ನಡುವೆ ಅವನದೊಂದು ಸಾಲು:
ಇದನ್ನು ಮುಟ್ಟಬೇಡಿ, ಯಾಕೆಂದು ನನಗೂ ಗೊತ್ತಿಲ್ಲ.
ಫೋನು ಮಾಡಿದೆ. ಹಿಂದೆ ಯಾವುದೋ ಬೆಲ್ಟು ಓಡುವ ಸದ್ದು.
ಬಹಳ ಹೊತ್ತು ಸುಮ್ಮನಿದ್ದು
"ಗಡಿಯಾರ" ಅಂದ, "ಅದಕ್ಕೆ ಚಳಿಗಾಲದ ಗಂಟೆ ಮಾತ್ರ ಗೊತ್ತು."
ಇನ್ನೂ ಏನೋ ಕೇಳುವವನಿದ್ದ, ಊರಿನ ಬಗ್ಗೆ ಇರಬೇಕು.
ಬಿಡುವಿನ ಗಂಟೆ ಮುಗಿದಿತ್ತು.

ನಾಲ್ಕನೆಯ ರಾತ್ರಿ ಅದೂ ದಾಟಿತು.

ಹತ್ತು ಪೆಟ್ಟಿಗೆ ಗುಜರಿಗೆ ಹೋದವು.
ಝಿಂತ್ರಾ ಹಸಿರು ಶಾಯಿಯಲ್ಲಿ 'ಉಳಿತಾಯ' ಎಂದು ಬರೆದು
ಅಡಿಗೆರೆ ಎಳೆದಳು, ಎರಡು ಸಲ.
ಮೂಲೆಯಲ್ಲಿ ಹೊಸದು, ಉಸಿರಾಡಿದ ಸದ್ದೂ ಇಲ್ಲ.
ಕೋಣೆ ತಣ್ಣಗೆ.

ಎವಾಲ್ಡ್ಸ್ ಬಂದ. ಖಾಲಿ ಕಪಾಟಿನ ಮೇಲೆ ಕೈಯಿಟ್ಟ, ತೆಗೆದ.
"ಒಳ್ಳೆಯದೇ ಆಯಿತು, ಕಂಪನಿಗೆ ಉಳಿಯಿತಲ್ಲ" ಅಂದು
ಒದ್ದೆ ಗವಸು ಜೇಬಿಗೆ ತುರುಕಿಕೊಂಡು
ಮೂರನೆಯ ಸುತ್ತಿಗೆ ಹೊರಟ, ಒಂದು ಗಂಟೆ ಮೊದಲೇ.

ಎಂಟನೆಯದನ್ನು ನಾನು ಗುಜರಿಯವನಿಗೆ ಕೊಟ್ಟಿರಲಿಲ್ಲ,
ಇರಲಿ, ಆಪತ್ಕಾಲಕ್ಕೆ ಎಂದು.
ಮಾರನೆಯ ದಿನ ತಂತಿ ಸಿಕ್ಕಿಸಿದೆ.
ಕೆಲಸವೇನೂ ಇಲ್ಲ ಅದಕ್ಕೆ.
ಒಂದರಿಂದ ಎಣಿಸುತ್ತಾ ಹೋಗು, ಎಂದೆ.
ಎಣಿಸುತ್ತಿದೆ,
ಹುಟ್ಟಿದಂದಿನಿಂದ ಮೊದಲ ಬಾರಿಗೆ
ನೂರಕ್ಕೆ ನೂರು ದುಡಿಮೆ.

ಮಾರ್ಚಿನ ಕರೆಂಟು ಬಿಲ್ಲಿನ ಮೇಲೆ
ಝಿಂತ್ರಾಳ ಪೆನ್ಸಿಲು ನಿಂತಿತು.
"ಆ ಹಳೆಯದು ಇನ್ನೂ ಏನು ಮಾಡುತ್ತಿದೆ?"

"ಕಾಯುತ್ತಿದೆ" ಎಂದೆ.

ಅವಳು ಕೋಣೆಯ ಗಾಜಿನತ್ತ ನೋಡಿದಳು.
ಬೂದು ಬಣ್ಣದ ಒಂದು ಜೊತೆ ಕಾಲುಚೀಲ,
ಹಿಮ್ಮಡಿಗೆ ಬೇರೆ ಬಣ್ಣದ ನೂಲು.
ಯಾರನ್ನು ಎಂದು ಕೇಳಲಿಲ್ಲ.
'ಇತರೆ' ಎಂದು ಬರೆದು
ಮುಂದಿನ ಸಾಲಿಗೆ ಹೋದಳು.