ತಟ್ಟಿ ನೋಡುವವಳು

ಎಂಬತ್ತೊಂದು ಮೀಟರ್.
ಈ ತುದಿಯಲ್ಲಿ ನಿಂತು ಕೂಗಿದರೆ
ಆ ತುದಿಯವನು ಕೈಯೆತ್ತುತ್ತಾನೆ, ಅಷ್ಟೇ.
ನಡುವೆ ಉದ್ದಕ್ಕೂ ಮಲಗಿದೆ ಗಾಳಿಯಂತ್ರದ ರೆಕ್ಕೆ,
ಅಚ್ಚಿನಿಂದ ಈಗಷ್ಟೇ ಎದ್ದದ್ದು, ಮೈ ಇನ್ನೂ ಬೆಚ್ಚಗೆ.

ಸಿಡ್ಸೆಲ್ ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ.
ಮಡಕೆ ಕೊಳ್ಳಲು ಬಂದವಳ ಹಾಗೆ
ಗೇಣಿಗೊಮ್ಮೆ ತಟ್ಟುತ್ತಾಳೆ, ಕಿವಿಗೊಡುತ್ತಾಳೆ,
ಹೆಜ್ಜೆ ಸರಿಯುತ್ತಾಳೆ.
ಟಣ್. ಟಣ್. ಟಣ್.
ಅಲ್ಟ್ರಾಸೌಂಡ್ ಯಂತ್ರ ಮುಂಚೆಯೇ ಓಡಾಡಿ
ಎಲ್ಲ ಸರಿಯೆಂದು ಹಸಿರು ಗೆರೆ ಎಳೆದು ಹೋಗಿದೆ.
ಯಂತ್ರದ ಮೇಲೆ ಅವಳಿಗೆ ಸಿಟ್ಟೇನಿಲ್ಲ.

ಮೊನ್ನೆಯವರೆಗೆ ಇದು ಬರೀ ಬಟ್ಟೆ.
ಗಾಜಿನ ನೂಲಿನ ಬಟ್ಟೆ, ಅದರ ಮೇಲೊಂದು, ಅದರ ಮೇಲೊಂದು,
ನಡುವೆ ಎಕ್ವೆಡಾರಿನಿಂದ ಬಂದ ಬಾಲ್ಸಾ ಮರದ ಬಿಲ್ಲೆ,
ಹಪ್ಪಳದಷ್ಟು ಹಗುರ.
ಮೇಲೆ ಪ್ಲಾಸ್ಟಿಕ್ ಹೊದಿಸಿ ಒಳಗಿನ ಗಾಳಿ ಎಳೆದರು.
ಆಮೇಲೆ ರಾಳ ಬಂತು.
ಬತ್ತಿ ಎಣ್ಣೆ ಹೀರುವಂತೆ, ಅವಸರವಿಲ್ಲದೆ,
ಬಿಳಿಯೆಲ್ಲ ಕಪ್ಪಾಗುತ್ತ ಹೋಯಿತು.
ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ.
ಹಾಗೆಂದು ನಿಯಮವಿಲ್ಲ.

ಅಪ್ಪ ಐನಾರ್, ಲಿಮ್‌ಫ್ಯೋರ್ಡ್ ದಂಡೆಯಲ್ಲಿ
ಫೈಬರ್ ದೋಣಿ ಕಟ್ಟುತ್ತಿದ್ದವನು.
ಒಂದು ಬ್ರಷ್, ಒಂದು ರೋಲರ್, ತೆರೆದ ಬಾಗಿಲು.
ರಾಳದ ವಾಸನೆಯ ಅವನ ಕೋಟನ್ನು ಅಮ್ಮ
ಮೀನಿನ ಬಕೆಟ್ಟಿನ ಜೊತೆ ಹೊರಗೇ ಇಡಿಸುತ್ತಿದ್ದಳು.
ಊಟದ ನಡುವೆ ಬೆರಳ ಗೆಣ್ಣಿನಿಂದ ಮೇಜು ತಟ್ಟಿ ಅನ್ನುತ್ತಿದ್ದ:
ಗಾಳಿ ಉಳಿದ ಜಾಗಕ್ಕೆ ನೀರು ದಾರಿ ಕೇಳೋದಿಲ್ಲ.

ಮೂವತ್ನಾಲ್ಕನೆಯ ಮೀಟರಿನಲ್ಲಿ
ಟಣ್. ಟಣ್.
ಟಪ್.

ಮತ್ತೊಮ್ಮೆ. ಟಪ್.

ಮೇಸ್ತ್ರಿ ಪ್ರೇಬೆನ್ ಬಂದ. ಗುರುವಾರ ಹಡಗು, ಅಂದ.
ಐದು ಕ್ರೋನಿನ ನಾಣ್ಯದಗಲ ಇದೆ, ಅಷ್ಟೇ ಅಲ್ಲವಾ.
ಆ ನಾಣ್ಯಕ್ಕೂ ನಡುವೆ ತೂತಿದೆ ನೋಡು,
ಆದರೂ ಚಲಾವಣೆಯಾಗುತ್ತೆ.
ತನ್ನ ಮಾತಿಗೆ ತಾನೇ ನಕ್ಕ.
ಅವಳು ನಗಲಿಲ್ಲ.

ಕಳೆದ ನವೆಂಬರಿನಲ್ಲಿ, ವಿಬೋರ್ಗ್ ಆಸ್ಪತ್ರೆಯಲ್ಲಿ,
ಎಳೆಯ ಡಾಕ್ಟರೊಬ್ಬಳು ಅಪ್ಪನ ಬೆನ್ನ ಮೇಲೆ ಬೆರಳಿಟ್ಟು
ಇನ್ನೊಂದು ಬೆರಳಿನಿಂದ ತಟ್ಟುತ್ತ ಇಳಿದಳು.
ಎಡಗಡೆ ನಾಲ್ಕನೇ ಸಲಕ್ಕೆ ಸದ್ದು ಬದಲಾಯಿತು.
ಸಿಡ್ಸೆಲ್ ಕಿಟಕಿಯಾಚೆ ಕಾರು ನಿಲ್ಲಿಸುತ್ತಿದ್ದವರನ್ನು ನೋಡಿದಳು.
ಅಪ್ಪನಿಗೂ ಕಿವಿಯಿತ್ತು.
ಎಲ್ಲಿ? ಅಂದ.
ಕೇಳಿದ್ದು ಡಾಕ್ಟರನ್ನಲ್ಲ.

ಕೆಂಪು ಬಳಪದಿಂದ ಸುತ್ತು ಹಾಕಿದಳು.
ಪ್ರೇಬೆನ್ ಬಾಯಿ ತೆರೆದ, ಮುಚ್ಚಿದ,
ಫೋನಿಗೆ ಹೋದ.

ನಾಣ್ಯದಗಲದ ಟೊಳ್ಳಿಗೆ ಗಾಡಿಚಕ್ರದಗಲ ಕೆರೆಯಬೇಕು,
ಪದರಕ್ಕೊಂದು ಮೆಟ್ಟಿಲು,
ಕಲ್ಯಾಣಿಯ ಹಾಗೆ ಸುತ್ತಲಿಂದ ಒಳಕ್ಕಿಳಿಯುತ್ತ.
ತಳದಲ್ಲಿ ನೀರಿರಲಿಲ್ಲ. ಒಂದು ಮಡಿಕೆಯಿತ್ತು,
ಯಾರೋ ಅಂಗೈಯಿಂದ ಸವರಲು ಮರೆತದ್ದು,
ರಾಳ ಒಲ್ಲದೆ ಬಿಳಿಯಾಗಿಯೇ ಉಳಿದದ್ದು.
ದೂಳಿನ ಮುಖವಾಡದೊಳಗೆ ಅವಳೇನೋ ಅಂದಳು,
ಗ್ರೈಂಡರಿನ ಸದ್ದಿಗೆ ಯಾರಿಗೂ ಕೇಳಲಿಲ್ಲ.

ಬೆಳಗಿನ ಆರಕ್ಕೆ, ಕೈತೊಳೆಯುವ ಕೋಣೆ.
ಮಣಿಕಟ್ಟಿನ ತುಂಬ ಕಣ್ಣಿಗೆ ಕಾಣದ ಗಾಜು, ತುರಿಕೆ.
ಮೊದಲು ತಣ್ಣೀರು ಮಗಳೇ,
ಬಿಸಿನೀರಿಗೆ ಚರ್ಮ ಬಾಯಿ ಬಿಡುತ್ತೆ,
ಆಮೇಲೆ ಅದು ಒಳಗೇ ಮನೆ ಮಾಡುತ್ತೆ.

ಹೊರಗೆ ಹಿಮ ಬೀಳುತ್ತಿದೆ.
ಬಿಸಿನೀರಿನ ನಲ್ಲಿಯ ಮೇಲೆ ಕೈಯಿಟ್ಟು
ತಿರುಗಿಸದೆ ನಿಂತಿದ್ದಾಳೆ.