ಫುಲ್ ಟ್ಯಾಂಕ್ ಲೆಕ್ಕ

ಶೋರೂಮಿನವ ಹದಿನೇಳು ಅಂದಿದ್ದ.
ಸೊಸೈಟಿಯವರು ಕೊಟ್ಟ ಡೈರಿಯಲ್ಲಿ ನಾನು ಬರೆದದ್ದು
ಹದಿಮೂರು ಪಾಯಿಂಟ್ ಎರಡು.
ಅವನ ಹದಿನೇಳಿಗೆ ಹೆಜಮಾಡಿ ಟೋಲಿನ ಸಾಲಿಲ್ಲ,
ಕೂಳೂರು ಸೇತುವೆಯ ಮೇಲೆ ಮುಕ್ಕಾಲು ಗಂಟೆ
ಒಂದನೇ ಗೇರಿನಲ್ಲಿ ತೆವಳುವ ಕರ್ಮವಿಲ್ಲ,
ಉಳ್ಳಾಲದ ಫಿಶ್‌ಮೀಲಿಗೆ ಹೊರಟ ಬೂತಾಯಿ ಇಲ್ಲ,
ಮಲ್ಪೆಯಿಂದ ಉದ್ದಕ್ಕೂ ರಸ್ತೆಗೆ ಗೀಟೆಳೆಯುವ
ಮೀನಿನ ನೀರಿಲ್ಲ.

ಲೆಕ್ಕ ಸುಲಭ. ಉದ್ಯಾವರದ ಪಂಪಿನಲ್ಲಿ
ಗುಲಾಬಿಯಕ್ಕ ನಳಿಗೆ ತೂರಿಸುತ್ತಾಳೆ.
ಕಟ್ ಎಂದ ಮೇಲೂ ಬಿಡುವವನಲ್ಲ ನಾನು.
ಪಿಕಪ್ಪಿನ ಸೊಂಟ ಹಿಡಿದು ಎರಡು ಸಲ ಅಲ್ಲಾಡಿಸಿ,
ನೊರೆ ಇಳಿಯುವಷ್ಟು ಕಾದು,
ಮತ್ತೆ ಕುತ್ತಿಗೆಯ ತನಕ.
‘ಗಾಡಿಯೋ ಕೈಕೂಸೋ ಮಾರಾಯ್ರೆ ನಿಮ್ಮದು?
ತೇಗು ಬರಿಸಲಿಕ್ಕೆ ಮಾತ್ರ ಬಾಕಿ.’

ಹೀಗೆ ನಾಲ್ಕು ವರ್ಷ, ಇನ್ನೂರು ಚಿಲ್ಲರೆ ಸಾಲು.
ಬೋಟು ದಡ ಹತ್ತಿದ ಎರಡು ತಿಂಗಳು
ಮದುವೆ ಹಾಲಿನ ಕುರ್ಚಿ ಹೊತ್ತದ್ದು: ಹದಿನಾಲ್ಕೂವರೆ.
ಶಿರ್ವದ ಇಗರ್ಜಿಗೆ ಹೊಸ ಗಂಟೆ ತಂದದ್ದು:
ಹನ್ನೆರಡು, ಆದರೂ ಬೇಸರವಿಲ್ಲದ ಹನ್ನೆರಡು,
ಹಂಪು ಬಂದಲ್ಲೆಲ್ಲ ಹಿಂದಿನಿಂದ ಒಂದು ‘ಢಣ್’.
ನವೆಂಬರ್ ಎಂಟು: ಬೈಕಂಪಾಡಿಯಲ್ಲಿ ಟೈರು ನಾಲ್ಕು, ಅಗ್ಗಕ್ಕೆ.

ಆಮೇಲೆ ಹನ್ನೆರಡು ಪಾಯಿಂಟ್ ನಾಲ್ಕು.
ಮುಂದಿನ ಸಲವೂ ಅದೇ. ಅದರ ಮುಂದಿನ ಸಲವೂ.
ಏರ್ ಫಿಲ್ಟರ್ ಕೊಡವಿದೆ, ಗಾಳಿ ಹಿಡಿಸಿದೆ,
ಹೊಟ್ಟೆಯಡಿ ಮಲಗಿ ಪೈಪಿಗೆ ಬೆರಳಾಡಿಸಿ ಮೂಸಿ ನೋಡಿದೆ.
ತಿಂಗಳಿಗೆ ಹನ್ನೊಂದು ಲೀಟರ್ ಎಲ್ಲಿಗೋ ಹೋಗುತ್ತಿತ್ತು,
ಗಾಡಿಯಲ್ಲಿ ರಾತ್ರಿ ಮಲಗುತ್ತಿದ್ದವನು ಒಬ್ಬನೇ,
ಯಲಬುರ್ಗಾ ಕಡೆಯ ದ್ಯಾಮಣ್ಣ.

ನಾನು ಬೈಯಲಿಲ್ಲ. ಡೈರಿ ತೆರೆದು ಮುಂದಿಟ್ಟೆ.
ಬೈದಿದ್ದರೆ ಚೆನ್ನಾಗಿತ್ತು.
ಓದು ಬಾರದವನು ಪುಟವನ್ನು ತುಂಬ ಹೊತ್ತು ನೋಡಿದ,
‘ಇದರಾಗ ನನ್ನ ಹೆಸರು ಐತೇನ್ರಿ?’ ಅಂದ.
ಇಲ್ಲ ಅಂದೆ.
ಸಂಜೆ ಧಕ್ಕೆಯಲ್ಲಿ ಅವನ ಚಾಪೆ ಇರಲಿಲ್ಲ.
ಆರು ದಿನದ ಸಂಬಳ ನನ್ನಲ್ಲೇ ಉಳಿಯಿತು.

ಅವನು ಹೋದ ಮೇಲೂ ಹನ್ನೆರಡು ಪಾಯಿಂಟ್ ನಾಲ್ಕು.

ಪಡುಬಿದ್ರೆ ದಾಟಿ, ಖಾಲಿ ಗಾಡಿ, ಮಧ್ಯಾಹ್ನ.
ಯಾಕೋ ಹೆದ್ದಾರಿಯ ಕಲ್ಲು ಎಣಿಸತೊಡಗಿದೆ.
ಹತ್ತು ಕಲ್ಲು ಹಿಂದೆ ಸರಿದಾಗ
ನನ್ನ ಮೀಟರಿನಲ್ಲಿ ಒಂಬತ್ತು ಪಾಯಿಂಟ್ ನಾಲ್ಕು.
ಬದಿಗೆ ನಿಲ್ಲಿಸಿ ಇಳಿದೆ.
ಹಳೆಯದಕ್ಕಿಂತ ಎರಡು ಬೆರಳು ಎತ್ತರ, ಆ ಅಗ್ಗದ ಟೈರು.
ಒಂದು ಸುತ್ತಿಗೆ ಹೆಚ್ಚು ದಾರಿ ನುಂಗುತ್ತದೆ,
ಮೀಟರಿಗೆ ಕಡಿಮೆ ಹೇಳುತ್ತದೆ.
ಡೀಸೆಲ್ ಎಲ್ಲಿಗೂ ಹೋಗಿರಲಿಲ್ಲ.
ಕದ್ದದ್ದಿದ್ದರೆ ಕಿಲೋಮೀಟರು,
ಅದೂ ನಾಲ್ಕು ಚಕ್ರ ಸೇರಿ, ನನ್ನ ಕಣ್ಣೆದುರೇ.
ಡೈರಿ ತೊಡೆಯ ಮೇಲಿಟ್ಟು ಭಾಗಿಸಿದೆ:
ಹದಿಮೂರು ಪಾಯಿಂಟ್ ಎರಡು. ಮೊದಲಿನ ಹಾಗೇ.

ಗಂಗೊಳ್ಳಿಯಲ್ಲಿದ್ದಾನೆ ಎಂದರು ಯಾರೋ.
ಐಸು ಪುಡಿ ಮಾಡುವ ಮಿಶನ್ನಿನ ಎದುರು
ಮೊಣಕಾಲಿನ ತನಕ ಬಿಳಿ ಆಗಿ ನಿಂತಿದ್ದ.
ಹಣದ ಕವರು ಕೊಟ್ಟೆ. ಎಣಿಸದೆ ಕಿಸೆಗಿಟ್ಟ.
ಟೈರಿನ ವಿಷಯ ಶುರು ಮಾಡಿದೆ,
ಗದ್ದಲದಲ್ಲಿ ಅರ್ಧ ಕೇಳಿಸಿರಬೇಕು.
ಗಾಡಿಯ ಕಡೆ ನೋಡಿ,
‘ಈಗ ಎಷ್ಟ್ ಕೊಡ್ತೈತ್ರಿ?’ ಎಂದ.
‘ಹದಿಮೂರು.’
‘ಚಲೋ ಆತು ಬಿಡ್ರಿ.’
ಮುಂದಿನ ಬ್ಲಾಕು ಬಂತು. ತಿರುಗಿ ನಿಂತ.

ಬರುವಾಗ ಉದ್ಯಾವರಕ್ಕೆ ಕತ್ತಲಾಗಿತ್ತು.
ಕಟ್ ಎಂದಿತು ನಳಿಗೆ.
ಗುಲಾಬಿಯಕ್ಕ ಕಾದಳು, ನಾನು ಅಲ್ಲಾಡಿಸಲೆಂದು.
ಸಾಕು ಅಂದೆ. ಡೈರಿಯಲ್ಲಿ ಬರೆದೆ:
ಗಂಗೊಳ್ಳಿ, ಹೋಗಿ ಬಂದು. ಲೋಡು, ಅಂದು
ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಇದ್ದೆ.
ಹಿಂದಿನಿಂದ ರಿಕ್ಷಾದವ ಹಾರ್ನ್ ಹೊಡೆದ.